ಕಾರ್ಡಿನಲ್ಲಿ ನಾನು ಬರೆಯದ ಸಾಲು

ನಂಜನಗೂಡಿನಿಂದ ಚಾಮರಾಜನಗರದ ಕಡೆ ಹೋಗುವ ಬಸ್ಸು ಕವಲಂದೆಯಲ್ಲಿ ನಿಲ್ಲುತ್ತದೆ. ಆ ಊರು ಹತ್ತಿರವಾದಾಗಲೆಲ್ಲ ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಹೋದವನಂತೆ ಕೂರುತ್ತಿದ್ದೆ. "ಅದೇನ್ರೀ, ಕವಲಂದೆ ಬಂದ್ರೆ ಸಾಕು ನಿಮಗೆ ತೂಕಡಿಕೆ ಬರುತ್ತೆ" ಎಂದು ನನ್ನ ಹೆಂಡತಿ ಒಮ್ಮೆ ನಕ್ಕಿದ್ದಳು. ನಾನೂ ನಕ್ಕೆ. ಕಾರಣ ಅವಳಿಗೆ ಹೇಳಲಿಲ್ಲ. ಹೇಳಬೇಕು ಹೇಳಬೇಕು ಅಂದುಕೊಳ್ಳುತ್ತಿರುವಾಗಲೇ ಅವಳು ಹೋಗಿಬಿಟ್ಟಳು.

ನಾನು ಹುಟ್ಟಿ ಬೆಳೆದದ್ದು ತಿ. ನರಸೀಪುರದಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ ಸುಮ್ಮನೆ ಕೂತಿದ್ದಾಗ ಮೈಸೂರಿನಲ್ಲಿ ಸೈನ್ಯಕ್ಕೆ ಜನ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿ ಹೋಗಿ ಸಾಲಿನಲ್ಲಿ ನಿಂತೆ. ಅಕ್ಷರ ದುಂಡಗಿದ್ದುದಕ್ಕೋ ಏನೋ, ನನ್ನ ಕೈಗೆ ಬಂದೂಕಿಗಿಂತ ಹೆಚ್ಚಾಗಿ ಸೂಜಿ, ಹತ್ತಿ, ಸ್ಪಿರಿಟ್ಟು ಬಂದವು. ಡಾಕ್ಟರ ಕೈಕೆಳಗಿನ ಸಹಾಯಕನ ಕೆಲಸ. ಕೆಲವು ವರ್ಷಗಳ ನಂತರ ಉತ್ತರದ ಕಡೆಯ ಒಂದು ತರಬೇತಿ ಕೇಂದ್ರಕ್ಕೆ ನನ್ನನ್ನು ಹಾಕಿದರು. ಹೊಸದಾಗಿ ಸೇರಿದ ಹುಡುಗರಿಗೆ ಲಸಿಕೆ ಹಾಕುವುದು ಅಲ್ಲಿ ನನ್ನ ಮುಖ್ಯ ಕೆಲಸವಾಗಿತ್ತು.

ಲಸಿಕೆಯ ದಿನ ಹುಡುಗರು ಅಂಗಿಯ ಎಡತೋಳು ಮಡಚಿಕೊಂಡು ಸಾಲಾಗಿ ಬರುತ್ತಿದ್ದರು. ನೀರಿನಲ್ಲಿ ಕುದಿಸಿದ ಗಾಜಿನ ಸಿರಿಂಜು, ಒಂದರ ಹಿಂದೆ ಒಂದು ತೋಳು. ಚುಚ್ಚಿಸಿಕೊಂಡವರನ್ನು ಕಟ್ಟಡದ ಪಕ್ಕದ ಬೇವಿನಮರಗಳ ಕೆಳಗೆ ಅರ್ಧ ಗಂಟೆ ಕೂರಿಸಬೇಕಿತ್ತು. ನಾನು ಸಾಲಿನ ನಡುವೆ ಓಡಾಡುತ್ತ ಅವರ ಮುಖ ನೋಡುತ್ತಿರಬೇಕು. ಯಾರ ತುಟಿಯಾದರೂ ಊದಿತೇ, ಮೈಮೇಲೆ ದದ್ದು ಎದ್ದಿತೇ, ಉಸಿರು ಸಿಕ್ಕಿಕೊಂಡಿತೇ ಎಂದು. ಹಾಗೇನಾದರೂ ಆದರೆ ಡಾಕ್ಟರನ್ನು ಕರೆಸಿ, ಆ ಹುಡುಗನ ಕಾರ್ಡಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು, ಅವರ ಸಹಿ ಹಾಕಿಸಬೇಕು. ಕೆಂಪು ಸಾಲು ಬಿದ್ದವನಿಗೆ ಮುಂದಿನ ಸೂಜಿ ಹಾಕಬೇಕೇ ಬೇಡವೇ ಎಂದು ಡಾಕ್ಟರೇ ನೋಡಿ ಹೇಳಬೇಕು. ನಮ್ಮಂಥವರು ಮುಟ್ಟುವಂತಿಲ್ಲ. ಇಷ್ಟೇ ಇದ್ದ ಕಟ್ಟುಪಾಡು. ಇಷ್ಟನ್ನು ಮಾಡಿದರೆ ಸಾಕಿತ್ತು.

ನಾನು ಲಸಿಕೆಯನ್ನು ದೂರುತ್ತಿಲ್ಲ. ಎಷ್ಟು ಸಾವಿರ ತೋಳಿಗೆ ಚುಚ್ಚಿದ್ದೇನೋ ನನಗೇ ಗೊತ್ತಿಲ್ಲ. ಬಹುಮಂದಿಗೆ ಒಂದು ದಿನದ ತೋಳುನೋವು, ಸ್ವಲ್ಪ ಜ್ವರ, ಮಾರನೆಯ ದಿನಕ್ಕೆ ಅದೂ ಇಲ್ಲ. ನನ್ನ ಮಕ್ಕಳಿಗೆ ನಾನೇ ಹಾಕಿಸಿದ್ದೇನೆ. ಎಲ್ಲೋ ಒಬ್ಬನ ಮೈಗೆ ಅದು ಒಗ್ಗುವುದಿಲ್ಲ. ಆ ಒಬ್ಬನನ್ನು ಕಂಡುಹಿಡಿಯಲೆಂದೇ ಬೇವಿನಮರ, ಅರ್ಧ ಗಂಟೆ, ಕೆಂಪು ಶಾಯಿ ಎಲ್ಲ ಇದ್ದವು.

ಆ ಒಬ್ಬ ನಮ್ಮ ಕಡೆಯವನೇ ಆಗಿದ್ದ. ಹೊಸ ತಂಡದ ಪಟ್ಟಿ ಓದುತ್ತಿದ್ದಾಗ ನಂಜನಗೂಡು ತಾಲ್ಲೂಕು ಎಂದು ಕಂಡಿತು. ಎತ್ತರ, ತೂಕ ಬರೆದುಕೊಳ್ಳುವ ಸಾಲಿನಲ್ಲಿ ಅವನು ಬಂದಾಗ ತಲೆ ಎತ್ತದೆಯೇ ಕೇಳಿದೆ.

"ಯಾವೂರ್ಲಾ?"

ಕನ್ನಡ ಕೇಳಿ ಅವನು ಬೆಚ್ಚಿಬಿದ್ದ. "ಕವಲಂದೆ ಸಾ."

"ನಂದು ನರಸೀಪುರ ಕಣ್ಲಾ. ನೆಟ್ಗೆ ನಿಂತ್ಕೊ, ನಿಮ್ಮೂರ್ ಮರ್ಯಾದೆ ಕಳೀಬ್ಯಾಡ."

ಅವನು ಕೂದಲು ಬೋಳಿಸಿದ ತಲೆಯನ್ನು ಒಂದು ಪಕ್ಕಕ್ಕೆ ಹಾಕಿಕೊಂಡು ನಕ್ಕ. ಅವತ್ತಿನಿಂದ ಯಾರೂ ಇಲ್ಲದಾಗ ನನ್ನನ್ನು ಅಣ್ಣ ಎನ್ನುತ್ತಿದ್ದ. ಭಾನುವಾರ ಬಂದು ಮೆಟ್ಟಿಲ ಮೇಲೆ ಕೂತು ಒಂದಿಷ್ಟು ಕನ್ನಡ ಆಡಿ ಹೋಗುತ್ತಿದ್ದ. ಚಪಾತಿ ತಿಂದು ತಿಂದು ಹೊಟ್ಟೆ ಬತ್ತಿಹೋಗಿದೆ, ಒಂದು ಮುದ್ದೆ ಸಿಕ್ಕಿದ್ದರೆ ಸಾಕಿತ್ತು ಎನ್ನುತ್ತಿದ್ದ. ಆ ದೂರದಲ್ಲಿ ನಮ್ಮ ಮಾತು ಆಡುವ ಒಬ್ಬ ಇದ್ದುದು ನನಗೂ ಬೇಕಾಗಿತ್ತು.

ಮುಂದಿನದನ್ನು ನಾನು ಎರಡು ರೀತಿ ಹೇಳಬಲ್ಲೆ. ಒಂದು ರೀತಿಯಲ್ಲಿ ನಲವತ್ತು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಈಗ ಇನ್ನೊಂದು ರೀತಿಯಲ್ಲಿ ಬರೆಯುತ್ತೇನೆ.

ಕೆಲವು ವಾರಗಳ ಮೇಲೆ, ಆ ಹುಡುಗರ ಮೊದಲ ಸೂಜಿಯ ದಿನ ಸಂಜೆ ನಮ್ಮ ಆಸ್ಪತ್ರೆಯವರಿಗೂ ಲಾರಿ ವಿಭಾಗದವರಿಗೂ ವಾಲಿಬಾಲ್ ಪಂದ್ಯವಿತ್ತು. ನಮ್ಮ ತಂಡದಲ್ಲಿ ನಾನಿದ್ದೆ. ಕೊನೆಯ ತಂಡದ ಹುಡುಗರನ್ನು ಬೇವಿನಮರದ ಕೆಳಗೆ ಕೂರಿಸಿ, ಹತ್ತು ನಿಮಿಷಕ್ಕೇ ಎಬ್ಬಿಸಿ ಕಳಿಸಿಬಿಟ್ಟೆ. ಪುಸ್ತಕದಲ್ಲಿ ಅರ್ಧ ಗಂಟೆ ಎಂದು ಬರೆದೆ. ಬಾಗಿಲು ಹಾಕಿ ಹೊರಡುವಾಗ ಕವಲಂದೆಯ ಹುಡುಗ ಗೋಡೆ ಹಿಡಿದುಕೊಂಡು ವಾಪಸ್ಸು ಬಂದ. ತುಟಿ ಎರಡು ಪಟ್ಟು ಊದಿತ್ತು. ಕತ್ತಿನ ತುಂಬ ದದ್ದು. ಉಸಿರು ಎಳೆದರೆ ಸಿಳ್ಳೆಯಂಥ ಸದ್ದು. ಇಂಥ ಹೊತ್ತಿಗೆಂದು ಡಾಕ್ಟರು ಇಟ್ಟಿದ್ದ ಔಷಧಿ ಚುಚ್ಚಿ, ಮಲಗಿಸಿ, ಪಕ್ಕದಲ್ಲಿ ಕೂತೆ. ಒಂದು ಗಂಟೆಯಲ್ಲಿ ಎಲ್ಲ ಇಳಿಯಿತು. ಪಂದ್ಯ ನಾನಿಲ್ಲದೆಯೇ ಮುಗಿಯಿತು.

ಆಗ ಡಾಕ್ಟರಿಗೆ ಹೇಳಿ ಕೆಂಪು ಸಾಲು ಬರೆಯಬೇಕಿತ್ತು. ಬರೆದರೆ ಅವರ ಮೊದಲ ಪ್ರಶ್ನೆ ಯಾವಾಗ, ಎಲ್ಲಿ ಶುರುವಾಯಿತು ಎಂಬುದೇ. ಮರದ ಕೆಳಗೆ ಅಲ್ಲ ಎಂದು ಹೇಳಬೇಕಾಗುತ್ತಿತ್ತು. ನಾನು ಹುಡುಗನ ಕಡೆ ತಿರುಗಿದೆ.

"ನೋಡ್ಲಾ, ಇದ ಬರುದ್ರೆ ನಿನ್ನ ಅನ್‌ಫಿಟ್ ಅಂತ ಊರಿಗೆ ಕಳಿಸ್ತಾರೆ. ನಮ್ಮೋನು ಅಂತ ಯೋಳ್ತಾ ಇದ್ದೀನಿ. ಯಾರ ತಾವೂ ಬಾಯಿ ಬುಡ್ಬ್ಯಾಡ."

"ಇನ್ನೊಂದು ಸೂಜಿ ಅದಲ್ಲಣ್ಣ?"

"ಅದ ನಾನ್ ನೋಡ್ಕತೀನಿ."

ಅವನು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ನೀವಿರೋದ್ಕೆ ಬದುಕ್ದೆ ಕಣಣ್ಣ" ಎಂದ.

ಇಷ್ಟಕ್ಕೆ ಯಾರನ್ನೂ ಊರಿಗೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಆ ಒಂದು ಲಸಿಕೆ ಬಿಡುತ್ತಿದ್ದರು, ಇಲ್ಲವೇ ಡಾಕ್ಟರೇ ಎದುರಿಗೆ ನಿಂತು ನೋಡಿಕೊಳ್ಳುತ್ತಿದ್ದರು. ಆ ಹುಡುಗನಿಗೆ ಅದು ಗೊತ್ತಿರಲಿಲ್ಲ. ನಮ್ಮ ಕಡೆಯವನು ಎಂಬ ಅವನ ನಂಬಿಕೆಯನ್ನೇ ಹಿಡಿದು ನಾನು ನನ್ನ ತಪ್ಪು ಮುಚ್ಚಿಕೊಂಡೆ.

ಎರಡನೆಯ ಸೂಜಿಯ ದಿನ ಅವನನ್ನು ಬೇರೆ ಕೆಲಸಕ್ಕೆ ಹಾಕಿಸಿ ಸಾಲಿನಿಂದ ತಪ್ಪಿಸುವುದು ನನ್ನ ಯೋಚನೆಯಾಗಿತ್ತು. ಅಷ್ಟರಲ್ಲಿ ತಂಗಿಯ ಮದುವೆಗೆ ಕೇಳಿದ್ದ ರಜೆ ಸಿಕ್ಕಿತು. ನನ್ನ ಜಾಗಕ್ಕೆ ಬಂದವನಿಗೆ ಒಂದು ಮಾತು ಹೇಳಿ ಹೋಗಬೇಕೆಂದುಕೊಂಡೆ. ಹೇಳಿದರೆ ಯಾಕೆ ಎಂದು ಕೇಳುತ್ತಾನೆ. ಹೇಳದೆ ರೈಲು ಹತ್ತಿದೆ. ನರಸೀಪುರದ ಮನೆಯ ಮುಂದೆ ಚಪ್ಪರಕ್ಕೆ ಮಾವಿನಸೊಪ್ಪು ಕಟ್ಟುತ್ತಿದ್ದಾಗ, ಇವತ್ತೇ ಅಲ್ಲವೇ ಎರಡನೆಯ ಸೂಜಿ ಎಂದು ನೆನಪಾಯಿತು. ಏಣಿಯ ಮೇಲೆ ಒಂದು ಗಳಿಗೆ ನಿಂತೆ. ಆಮೇಲೆ ಸೊಪ್ಪು ಕಟ್ಟುವುದನ್ನು ಮುಂದುವರಿಸಿದೆ.

ವಾಪಸ್ಸು ಹೋದಾಗ ಗೊತ್ತಾಯಿತು. ಹೋದ ಸಲ ಸೂಜಿ ಒಗ್ಗಿರಲಿಲ್ಲ ಎಂದು ಹುಡುಗ ತನಗೆ ಬಂದ ಹರಕು ಹಿಂದಿಯಲ್ಲಿ ಹೇಳಿದನಂತೆ. ನನ್ನ ಜಾಗದಲ್ಲಿದ್ದವನು ಕಾರ್ಡು ನೋಡಿದ. ಕೆಂಪು ಸಾಲು ಇರಲಿಲ್ಲ. ಭಯಕ್ಕೆ ಹೇಳುತ್ತಾನೆಂದು ಚುಚ್ಚಿದ. ಹುಡುಗ ಮರದ ಕೆಳಗೆ ಬಿದ್ದು, ಕೈಕಾಲು ಸೆಟೆದುಕೊಂಡು, ಬಾಯಲ್ಲಿ ನೊರೆ ಬಂತು. ಡಾಕ್ಟರು ಓಡಿಬಂದು ಉಳಿಸಿದರು. ಮೊದಲ ಸಲ ಏನೂ ಆಗಿಲ್ಲದವನಿಗೆ ಈಗ ಸೆಳೆತ ಬಂದಿದೆ ಎಂದರೆ ಇದು ಸೂಜಿಯಿಂದ ಅಲ್ಲ, ಹಳೆಯ ಮೂರ್ಛೆರೋಗ, ಸೇರುವಾಗ ಮುಚ್ಚಿಟ್ಟಿದ್ದಾನೆ ಎಂಬ ಮಾತಾಯಿತು. ಡಾಕ್ಟರು ನನ್ನನ್ನು ಕರೆಸಿ ಕೇಳಿದರು. ಮೊದಲ ಸಲವೂ ಹೀಗಾಗಿತ್ತು, ನೀನೇ ಔಷಧಿ ಕೊಟ್ಟೆ ಅನ್ನುತ್ತಾನೆ, ನಿಜವೇ?

"ಇಲ್ಲ ಸಾಬ್" ಎಂದೆ.

ಅವನನ್ನು ರೋಗಿ ಎಂದೂ ಸುಳ್ಳುಗಾರ ಎಂದೂ ಬರೆದು ಮನೆಗೆ ಕಳಿಸಿದರು. ಅವನು ಟ್ರಂಕು ಹೊತ್ತು ಗೇಟಿನ ಕಡೆ ಹೋಗುವ ಹೊತ್ತಿನಲ್ಲಿ ನಾನು ಉಗ್ರಾಣದೊಳಗೆ ಮಡಚಿದ್ದ ಕಂಬಳಿಗಳನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದೆ.

ಸೈನ್ಯ ಬಿಟ್ಟ ಮೇಲೆ ನಂಜನಗೂಡಿನಲ್ಲಿ ಮನೆ ಮಾಡಿದೆ. ಒಬ್ಬ ಡಾಕ್ಟರ ಷಾಪಿನಲ್ಲಿ ಬಹಳ ವರ್ಷ ಕಾಂಪೌಂಡರಾಗಿದ್ದೆ. ಹುಲ್ಲಹಳ್ಳಿ, ಹೆಡತಲೆ, ಎಲ್ಲ ಕಡೆಯ ಜನ ಅಲ್ಲಿಗೆ ಬರುತ್ತಿದ್ದರು. ಒಮ್ಮೆ ಕವಲಂದೆಯ ಹೆಂಗಸೊಬ್ಬಳು ಕಾಲಿಗೆ ಪಟ್ಟಿ ಕಟ್ಟಿಸಿಕೊಳ್ಳುತ್ತ, "ನೀವೂ ಮಿಲ್ಟ್ರೀಲಿದ್ರಂತೆ. ನಮ್ಮೂರೋನು ಒಬ್ಬ ಓಗಿದ್ದ, ಮೂರ್ಛೆ ಅಂತ ಓಡಿಸ್ಬುಟ್ರು. ಪಾಪ, ಮದ್ವೆಗೆ ಯಾರೂ ಎಣ್ ಕೊಡ್ಲಿಲ್ಲ ಅವನ್ಗೆ" ಎಂದಳು. ನಾನು ಗಂಟು ಹಾಕಿದೆ. ಬಿಗಿಯಾಯಿತೆಂದು ಅವಳು ಕೂಗಿದ ಮೇಲೆ ಸಡಿಲಿಸಿದೆ.

ಕೊರೊನಾ ಲಸಿಕೆ ಬಂದ ವರ್ಷ ನನಗೆ ಕೆಲಸವಿರಲಿಲ್ಲ. ಮಕ್ಕಳು ಬೇಡವೆಂದರೂ ಲಸಿಕೆ ಹಾಕುವ ಕಡೆ ಹೋಗಿ ಸಾಲು ನೋಡಿಕೊಳ್ಳುತ್ತಿದ್ದೆ. ಮಿಲಿಟರಿ ತಾತ ಎಂದು ಹೆಸರಾಯಿತು. ಕೈ ಮುಂದೆ ನೀಡಲು ಹೆದರುವವರಿಗೆ ನಾನೂ ಹಾಕಿಸಿಕೊಂಡಿದ್ದೇನೆಂದು ತೋಳು ತೋರಿಸುತ್ತಿದ್ದೆ. ಹಾಗಿರುವಾಗ ಆಶಾ ಕಾರ್ಯಕರ್ತೆಯೊಬ್ಬಳು ಬಂದು ಕರೆದಳು.

"ತಾತ, ಕವಲಂದೇಲಿ ಕೆಲವರು ಆಗಕಿಲ್ಲ ಅಂತ ಕೂತವ್ರೆ. ನೀವೊಂದ್ಸಲ ಬನ್ನಿ. ಮಿಲ್ಟ್ರಿಯೋರು ಯೋಳುದ್ರೆ ಕೇಳ್ತಾರೆ."

ಕಾಲು ನೋವು ಎನ್ನಬಹುದಿತ್ತು. ಅನ್ನಲಿಲ್ಲ. ಯಾಕೆಂದು ಈಗಲೂ ತಿಳಿಯದು. ಬಹುಶಃ ಸಾಕಾಗಿತ್ತು.

ಅವಳು ಮೂರು ಮನೆ ಸುತ್ತಿಸಿ ಕೊನೆಗೆ ಒಂದು ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿದಳು. ಒಳಗೆ ಮೆಷಿನ್ನಿನ ಹತ್ತಿರ ಒಬ್ಬ ನಡುವಯಸ್ಸು ದಾಟಿದವನು. ಹೊರಗೆ ಜಗಲಿಯ ಮೇಲೆ ಅವನಿಗಿಂತ ಹಿರಿಯನಾದ, ಹಣೆಗೆ ವಿಭೂತಿ ಬಳಿದ ಒಬ್ಬ, ಬಂದವರ ಚೀಲ ಇಳಿಸಿಕೊಳ್ಳುತ್ತಿದ್ದ. ಆಶಾಳನ್ನು ಕಂಡು ತಲೆಯನ್ನು ಒಂದು ಪಕ್ಕಕ್ಕೆ ಹಾಕಿದ. ಅದೇ ಹುಡುಗ. ನಾನು ಮಾಸ್ಕನ್ನು ಕಣ್ಣಿನ ಕೆಳಗಿನವರೆಗೆ ಎಳೆದುಕೊಂಡೆ.

"ನಂಗೆ ಸೂಜಿ ಆಗಕಿಲ್ಲ ಕಣವ್ವ. ಎಷ್ಟ್ ಸಲ ಯೋಳ್ಲಿ. ಹಿಂದೆ ಮಿಲ್ಟ್ರೀಲಿ ಮೈಯೆಲ್ಲಾ ಊದ್ಕಂಡು ಉಸ್ರು ನಿಂತೋಗಿತ್ತು."

"ಅದ್ಕೆ ಚೀಟಿ ಏನಾರ ಐತಾ?" ಎಂದಳು ಆಶಾ.

"ಚೀಟಿ ಇದ್ದಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ."

ರಾಗಿ ಬೀಸಿಸಲು ಬಂದಿದ್ದ ಒಬ್ಬ ಚೀಲದ ಮೇಲೆ ಕೂತು ನಕ್ಕ. "ಸೂಜಿಗೆ ಎದ್ರಕಂಡು ಮಿಲ್ಟ್ರಿಯಿಂದ್ಲೇ ಓಡ್ಬಂದೋನು ಇವ್ನು. ನೀನೊಬ್ಳು ಬಂದ್ರೆ ಕೈ ಕೊಟ್ಟಾನಾ? ಓಗವ್ವ."

ಒಳಗಿದ್ದವನು, ಅಂದರೆ ಅವನ ತಮ್ಮ, "ಬುಡಿ ಮೇಡಂ, ನಮ್ಮಣ್ಣನ್ಗೆ ಮೂರ್ಛೆ. ಅದ ಯೋಳಕಾಗ್ದೆ ಸೂಜಿ ಸೂಜಿ ಅಂತಾನೆ" ಎಂದ. ಅಣ್ಣ ಮುಂದಿನ ಚೀಲ ಇಳಿಸಿಕೊಂಡ. ಈ ಮಾತು ಅವನ ಕಿವಿಗೆ ಹೊಸದಲ್ಲ ಎಂಬುದು ಕಂಡಿತು.

ಆಶಾ ನನ್ನ ಕಡೆ ತಿರುಗಿದಳು. "ತಾತ, ನೀವಾರ ಯೋಳಿ."

ನನ್ನ ಮುಖಕ್ಕೆ ಮಾಸ್ಕ್ ಇತ್ತು. ಅವನು ನನ್ನನ್ನೇ ನೋಡುತ್ತಿದ್ದ. ಆಗ ನಾನು ಹೇಳಿದ್ದೇನು ಗೊತ್ತೇ? ಎಲ್ಲ ಕಡೆ ಹೇಳಿ ಹೇಳಿ ಬಾಯಿಪಾಠವಾಗಿದ್ದ ಮಾತು. "ಏನೂ ಆಗಲ್ಲ ಕಣಪ್ಪ. ನಾನೂ ಹಾಕಿಸ್ಕೊಂಡಿದ್ದೀನಿ."

ಅವನು ಕೈಯಲ್ಲಿದ್ದ ಚೀಲ ಕೆಳಗಿಟ್ಟು, "ಆಯ್ತು. ನೀವು ಅಂತೀರಿ ಅಂದ್ಮೇಲೆ ನಾಳೆ ಇಸ್ಕೂಲ್ ತಾವ ಬತ್ತೀನಿ" ಎಂದ. ಆಶಾಗೆ ಸಂತೋಷವಾಯಿತು. ಬಸ್ಸಿನಲ್ಲಿ ಅವಳು ನನಗೆ ಕಿಟಕಿಯ ಪಕ್ಕದ ಸೀಟು ಬಿಟ್ಟುಕೊಟ್ಟಳು.

ಈ ಲಸಿಕೆಯೇ ಬೇರೆ, ಆಗಿನದೇ ಬೇರೆ. ಅವನಿಗೆ ಏನೂ ಆಗದಿರಬಹುದಿತ್ತು. ಆದರೆ ಒಂದು ಸಲ ಹಾಗೆ ಆದವನು ಎಂದು ಗೊತ್ತಿದ್ದರೆ ಯಾವ ನರ್ಸೂ ಶಾಲೆಯ ಬೆಂಚಿನ ಮೇಲೆ ಕೂರಿಸಿ ಚುಚ್ಚುವುದಿಲ್ಲ. ಮೊದಲು ದೊಡ್ಡಾಸ್ಪತ್ರೆಗೆ ಕಳಿಸುತ್ತಾರೆ. ಅವನಿಗೆ ಹಾಗೆ ಆಗಿತ್ತೆಂದು ಗೊತ್ತಿದ್ದವನು ಈ ಭೂಮಿಯ ಮೇಲೆ ಅವನನ್ನು ಬಿಟ್ಟರೆ ನಾನೊಬ್ಬನೇ. ಅವನು ಹೇಳಿದರೆ ಯಾರೂ ನಂಬುವುದಿಲ್ಲ. ಹಾಗೆ ಮಾಡಿಟ್ಟವನು ನಾನು.

ಬೆಳಗಿನ ಮೊದಲ ಬಸ್ಸು ಹಿಡಿದೆ. ರೈಲ್ವೆ ಗೇಟು ಬಿದ್ದು ತಡವಾಯಿತು. ಶಾಲೆಗೆ ಹೋದಾಗ ಅವನು ಸಾಲಿನಲ್ಲಿ ಮೂರನೆಯವನಾಗಿ, ಬಿಳಿ ಅಂಗಿಯ ತೋಳು ಮಡಚಿಕೊಂಡು ನಿಂತಿದ್ದ. ನಾನು ನೇರ ಮೇಜಿನ ಹತ್ತಿರ ಹೋಗಿ ಮಾಸ್ಕ್ ತೆಗೆದೆ. ಸಿಸ್ಟರು ಮಾಸ್ಕ್ ಹಾಕಿ ಎಂದು ಗದರಿದರು.

"ಅವರಿಗೆ ಹಾಕಬೇಡಿ ಸಿಸ್ಟರ್. ಅವರು ಹೇಳೋದು ನಿಜ. ಸೈನ್ಯದಲ್ಲಿ ಅವರಿಗೆ ಸೂಜಿ ಹಾಕಿದವನು ನಾನೇ."

ಡಾಕ್ಟರು, ಮಗಳ ವಯಸ್ಸಿನ ಹುಡುಗಿ, ಪಕ್ಕದ ಕೋಣೆಯಿಂದ ಬಂದರು. ನಾನು ಹೇಳಿದೆ. ತುಟಿ ಊದಿದ್ದು, ಔಷಧಿ ಕೊಟ್ಟದ್ದು, ಕಾರ್ಡಿನಲ್ಲಿ ಬರೆಯದೇ ಬಿಟ್ಟದ್ದು, ಆಮೇಲೆ ಇಲ್ಲ ಎಂದು ಸುಳ್ಳು ಹೇಳಿದ್ದು. ಹೇಳುತ್ತ ಹೇಳುತ್ತ, ನಮ್ಮ ಕಡೆ ಹುಡುಗ, ಕೆಲಸ ಹೋದೀತೆಂದು ಬರೆಯಲಿಲ್ಲ ಎಂದೂ ಸೇರಿಸಿದೆ. ನಲವತ್ತು ವರ್ಷದ ಅಭ್ಯಾಸ, ನಾಲಗೆ ತಾನಾಗಿ ಅಲ್ಲಿಗೆ ಹೋಯಿತು.

ಅವನು ಸಾಲಿನಿಂದ ಹೊರಗೆ ಬಂದ. ಮಡಚಿದ್ದ ತೋಳು ಇಳಿಸಿಕೊಳ್ಳುತ್ತ, "ವಾಲಿಬಾಲ್ ಆಟದ್ದ ಬುಟ್ಬುಟ್ರಲ್ಲಣ್ಣ" ಎಂದ.

ನಾನು ಅವನನ್ನು ನೋಡಿದೆ.

"ಅರ್ಧ ಗಂಟೆ ಕೂರುಸ್ಲಿಲ್ಲ ನೀವು. ನಾನೇನ್ ಕೂಸಾ, ಗೊತ್ತಾಗ್ದೆ ಇರಕ್ಕೆ? ಆಸ್ಪತ್ರೇಲಿ ಮಲಗಿದ್ದಾಗ ಎಲ್ಲಾ ಒಂದೊಂದೇ ಜೋಡ್ಸಿ ನೋಡ್ದೆ. ನಿಮ್ಮ್ ರಜ ಮುಗಿಯೋದ್ನೇ ಕಾಯ್ತಾ ಇದ್ದೆ. ಅಣ್ಣ ಬತ್ತಾರೆ, ಯೋಳ್ತಾರೆ ಅಂತ."

ಅವನು ನನ್ನನ್ನು ಉಪಕಾರ ಮಾಡಲು ಹೋಗಿ ಎಡವಿದವನು ಎಂದಾದರೂ ನೆನಪಿಟ್ಟುಕೊಂಡಿರಬಹುದು ಎಂದು ನಾನು ಎಣಿಸಿದ್ದೆ. ಅದೂ ಉಳಿಯಲಿಲ್ಲ. ಡಾಕ್ಟರ ಮುಂದೆ, ಸಾಲಿನ ಮುಂದೆ, ಹತ್ತು ನಿಮಿಷದ ಮಾತನ್ನೂ ವಾಲಿಬಾಲಿನ ಮಾತನ್ನೂ ಹೇಳಿದೆ.

"ನಿನ್ನೆ ನನ್ನ ಗುರುತು ಸಿಕ್ಕಿತ್ತೇ?" ಎಂದು ಕೇಳಿದೆ.

"ದನಿ ಮರೀತೀನಾ?"

"ಮತ್ತೆ ಯಾಕೆ ಬರ್ತೀನಿ ಅಂದೆ?"

"ಇವತ್ತಾರ ಯೋಳ್ತಾರಾ ನೋಡಮ ಅನ್ನುಸ್ತು. ನೀವು ಬರ್ದೆ ಇದ್ರೆ ಹಾಕುಸ್ಕತಿದ್ನೋ ಇಲ್ವೋ, ನಂಗೇ ಗೊತ್ತಿಲ್ಲ."

ಡಾಕ್ಟರು ನಾನು ಹೇಳಿದ ಲಕ್ಷಣಗಳನ್ನೆಲ್ಲ ಬರೆದುಕೊಂಡು, ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದ ಮೇಲೆ ಅವರು ಹೇಳಿದರೆ ಅಲ್ಲೇ ಹಾಕಿಸಿಕೊಳ್ಳಿ ಎಂದು ಚೀಟಿ ಕೊಟ್ಟರು. ಅವನು ಆ ಚೀಟಿಯನ್ನು ನಿಧಾನವಾಗಿ ಓದಿದ. ಮತ್ತೊಮ್ಮೆ ಓದಿದ. ಮಡಚಿ ಜೇಬಿಗೆ ಹಾಕಿಕೊಂಡ.

"ಮೈಸೂರಿಗೆ ನಾನು ಜೊತೆಗೆ ಬರ್ತೀನಿ" ಎಂದೆ.

"ಬ್ಯಾಡ. ಗಿರಣಿ ಗಂಟ ಬನ್ನಿ ಸಾಕು. ಇಲ್ಲಿ ಯೋಳುದ್ರಿ, ಸರಿ. ಅಲ್ಲೂ ಯೋಳಿ."

ಅವನು ಮುಂದೆ, ನಾನು ಹಿಂದೆ. ಗಿರಣಿಯ ಹತ್ತಿರ ಹೋಗಿ ತಮ್ಮನಿಗೆ ಮೆಷಿನ್ ನಿಲ್ಲಿಸಲು ಹೇಳಿದ. ಹಿಂದಿನ ದಿನ ನಕ್ಕಿದ್ದವನು ಅವತ್ತೂ ಯಾವುದೋ ಕೆಲಸಕ್ಕೆ ಬಂದು ನಿಂತಿದ್ದ. ಸದ್ದು ನಿಂತದ್ದಕ್ಕೆ ತಮ್ಮನ ಹೆಂಡತಿ ಒಳಮನೆಯಿಂದ ಬಂದಳು. ನಾನು ಮೊದಲಿನಿಂದ ಹೇಳಿದೆ. ಈ ಸಲ ಏನನ್ನೂ ಸೇರಿಸಲಿಲ್ಲ, ಏನನ್ನೂ ಬಿಡಲಿಲ್ಲ. ಹೇಳಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಇಷ್ಟು ಚಿಕ್ಕ ಮಾತು.

ತಮ್ಮ ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ಕೈಗೆ ಅಂಟಿದ ಹಿಟ್ಟು ಒರೆಸಿಕೊಳ್ಳುತ್ತ ನಿಂತ. "ನಮ್ಮವ್ವ ಸಾಯೋ ಗಂಟ, ಇವನ್ಗೆ ಮೂರ್ಛೆ ಬಂದಿದ್ದು ತನ್ ಹೊಟ್ಟೇದೇ ದೋಷ ಅಂತಿದ್ಲು" ಎಂದ. ಆಮೇಲೆ ಅಣ್ಣನ ಕಡೆ ತಿರುಗಿ, "ನೀನು ಯೋಳ್ದೆ. ನಾವು ಕೇಳ್ಲಿಲ್ಲ" ಎಂದ.

"ಯೋಳಿ ಯೋಳಿ ನಂಗೂ ಸಾಕಾಗಿತ್ತು ಕಣ್ಲಾ."

ನಕ್ಕಿದ್ದವನು ತಲೆ ಕೆರೆದುಕೊಂಡ. "ಅಂಗಾರೆ ಇಷ್ಟ್ ದಿವ್ಸ ನಾವು ಆಡ್ಕಂಡಿದ್ದು..."

"ಆಡ್ಕಂಡ್ರಿ" ಎಂದ ಅವನು. ಅಷ್ಟೇ.

ನನಗೆ ಯಾರೂ ಕೂರಲು ಹೇಳಲಿಲ್ಲ. ನಮ್ಮ ಕಡೆ ಮನೆಬಾಗಿಲಿಗೆ ಬಂದ ವಯಸ್ಸಾದವನಿಗೆ ನೀರು ಕೊಡದೆ ಇರುವುದಿಲ್ಲ. ಅವತ್ತು ಯಾರಿಗೂ ಅದು ತೋಚಲಿಲ್ಲ, ನಾನೂ ಕೇಳಲಿಲ್ಲ. ನಾನು ಬರಲೇ ಎಂದಾಗ ತಮ್ಮನ ಹೆಂಡತಿ ಮೊದಲ ಸಲ ಬಾಯಿ ಬಿಟ್ಟಳು. ನನಗಲ್ಲ, ಅವನಿಗೆ.

"ಭಾವ, ಮೂರ್ ಮಕ್ಳ ಹೆತ್ತೆ ನಾನು. ಮೂರ್ಛೆ ಬಂದು ಬಿದ್ಗಿದ್ದೋದೀರಿ ಅಂತ ಒಂದ್ನೂ ಒಂದಿನ ನಿಮ್ ಕೈಗೆ ಕೊಡ್ಲಿಲ್ಲ. ಎತ್ಕತೀನಿ ಅಂತ ಕೈ ಚಾಚ್ಕಂಡ್ ಬಂದ್ರೆ ಒಳೀಕೆ ಓಗ್ಬುಡ್ತಿದ್ದೆ."

ಅವನು ಜಗಲಿಯ ಮೇಲಿದ್ದ ಚೀಲದ ಬಾಯಿ ಬಿಗಿಯುತ್ತಿದ್ದ. ಗಂಟು ಹಾಕುವುದು ಮುಗಿಯುವವರೆಗೂ ತಲೆ ಎತ್ತಲಿಲ್ಲ.

"ಬುಡವ್ವ. ಹಿತ್ಲಲ್ಲಿ ಒಣಗಾಕಿರೋ ಕಾಳ್ಗೆ ದನ ಬಾಯಾಕ್ತದೆ, ಓಗ್ ನೋಡು" ಎಂದ.

ಅವಳು ಹೋಗಲಿಲ್ಲ. ನಾನು ಬಸ್ ನಿಲ್ದಾಣದ ದಾರಿ ಹಿಡಿದು ತಿರುವಿನಲ್ಲಿ ಹಿಂದಿರುಗಿ ನೋಡಿದಾಗಲೂ ಅವಳು ಜಗಲಿಯ ಕಂಬ ಹಿಡಿದುಕೊಂಡು ಅಲ್ಲೇ ನಿಂತಿದ್ದಳು. ಗಿರಣಿ ಇನ್ನೂ ಶುರುವಾಗಿರಲಿಲ್ಲ.